ಮಂಜೂರಾದ ಹುದ್ದೆ ಎಷ್ಟು, ಕೆಲಸಕ್ಕೆ ಬರೋರು ಎಷ್ಟು?

ನಿಮ್ಮೂರಿನ ಸರ್ಕಾರಿ ಮೆಡಿಕಲ್ ಕಾಲೇಜಿನ ಆಸ್ಪತ್ರೆಯಲ್ಲಿ ಸಿಬ್ಬಂದಿ ಎಷ್ಟಿರಬೇಕು, ಅದನ್ನು ನೋಡೋರು ಯಾರು ಅಂತ ಕೇಳಿದ್ದೀರಿ. ಒಬ್ಬರಲ್ಲ, ತೊಂದರೆಯೂ ಅಲ್ಲೇ ಇದೆ.

ಹೊಸ ಹುದ್ದೆ ಬೇಕು ಅಂತ ಕಾಲೇಜಿನ ಡೀನ್ ಅಥವಾ ನಿರ್ದೇಶಕರು ವೈದ್ಯಕೀಯ ಶಿಕ್ಷಣ ಇಲಾಖೆಗೆ ಬರೆಯುತ್ತಾರೆ. ಆದರೆ ಹಣಕಾಸು ಇಲಾಖೆ ಒಪ್ಪದೆ ಹುದ್ದೆ ಮಂಜೂರಾಗುವುದಿಲ್ಲ. ಕಡತ ಜಾಸ್ತಿ ದಿನ ಕೂರುವುದು ಅಲ್ಲೇ.

ಇನ್ನೊಂದು ಕಡೆ ಮೆಡಿಕಲ್ ಕಾಲೇಜುಗಳ ಮೇಲೆ ನಿಗಾ ಇಡುವ ದೆಹಲಿಯ ರಾಷ್ಟ್ರೀಯ ವೈದ್ಯಕೀಯ ಆಯೋಗ. 2020ರಲ್ಲಿ ಹಳೆಯ ವೈದ್ಯಕೀಯ ಪರಿಷತ್ತಿನ ಜಾಗಕ್ಕೆ ಬಂದದ್ದು. ಸೀಟಿಗೆ ತಕ್ಕಷ್ಟು ಬೋಧಕ ವೈದ್ಯರು ಇದ್ದಾರಾ ಅಂತ ಆಧಾರ್ ಹಾಜರಾತಿಯಲ್ಲಿ ನೋಡುತ್ತದೆ. ಮೊದಲು ತಪಾಸಣೆ ಬಂತು ಅಂದರೆ ಪಕ್ಕದ ಕಾಲೇಜಿನಿಂದ ವೈದ್ಯರನ್ನು ಎರವಲು ತಂದು ಕೂರಿಸುವ ಚಾಳಿ ಇತ್ತು, ಈಗ ಅದು ಅಷ್ಟು ಸುಲಭವಲ್ಲ. ಆದರೆ ಆಯೋಗದ ಕಣ್ಣು ಮುಖ್ಯವಾಗಿ ಬೋಧಕರ ಮೇಲೆ. ರಾತ್ರಿ ಪಾಳಿಯಲ್ಲಿ ಇಡೀ ವಾರ್ಡಿಗೆ ಒಬ್ಬರೇ ನರ್ಸ್ ಓಡಾಡುತ್ತಿದ್ದರೆ ಆ ಹಾಜರಾತಿಯಲ್ಲಿ ಅದು ಕಾಣುವುದೇ ಇಲ್ಲ. ನನ್ನ ಪ್ರಕಾರ ದೊಡ್ಡ ತೂತು ಇದೇ.

ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಮಹಾಲೇಖಪಾಲರ (ಸಿಎಜಿ) ವರದಿಗಳು ಖಾಲಿ ಹುದ್ದೆಗಳನ್ನು ಎತ್ತಿ ತೋರಿಸುತ್ತವೆ, ಸದನದಲ್ಲೂ ಮಂಡನೆಯಾಗುತ್ತವೆ. ಆದರೆ ಅವು ಬರುವಷ್ಟರಲ್ಲಿ ವರ್ಷಗಳೇ ಕಳೆದಿರುತ್ತವೆ.

ನೀವು ಸುಮ್ನೆ ದೂರು ಬರೆಯುವ ಬದಲು 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನ ಅರ್ಜಿ ಹಾಕಿ. 30 ದಿನದೊಳಗೆ ಉತ್ತರ ಕೊಡಬೇಕು. ಮಂಜೂರಾದ ಹುದ್ದೆ, ಭರ್ತಿಯಾದದ್ದು, ಹೊರಗುತ್ತಿಗೆಯವರು, ಮೂರನ್ನೂ ಬೇರೆ ಬೇರೆಯಾಗಿ ಕೇಳಿ. ‘ಒಟ್ಟು ಸಿಬ್ಬಂದಿ’ ಅಂತ ಕೇಳಿದರೆ ಎಲ್ಲ ಸೇರಿಸಿ ಒಂದೇ ಸಂಖ್ಯೆ ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಯಾವ ವಾರ್ಡು, ಯಾವ ತಿಂಗಳು ಅಂತಲೂ ಬರೆದು, ಪಾಳಿ ಪಟ್ಟಿಯ ನಕಲು ಕೇಳಿ.