ಸಿನ್ಸ್ ಬೇಕಾ, ಫಾರ್ ಬೇಕಾ?

'ಐ ಆಮ್ ವರ್ಕಿಂಗ್ ಹಿಯರ್ ಸಿನ್ಸ್ ಫೈವ್ ಇಯರ್ಸ್' ಅಂತ ಬರೆದರೆ ತಪ್ಪು ಅನ್ನುತ್ತಾರೆ, ಯಾಕೆ ಅಂತ ಕೇಳಿದ್ದೀರಿ. ಒಳ್ಳೆಯ ಪ್ರಶ್ನೆ. ಈ ತಪ್ಪು ಆಗೋದು ನೀವು ಕನ್ನಡದಲ್ಲಿ ಸರಿಯಾಗಿ ಯೋಚಿಸುವುದರಿಂದಲೇ.

ನಾವು 'ಐದು ವರ್ಷದಿಂದ' ಅಂತೀವಿ, '2019ರಿಂದ' ಅಂತಲೂ ಅಂತೀವಿ. ಎರಡಕ್ಕೂ ಒಂದೇ 'ಇಂದ' ಸಾಕು. ಇಂಗ್ಲಿಷಿಗೆ ಸಾಲದು. ಶುರುವಾದ ಹೊತ್ತನ್ನು ಹೇಳಿದರೆ ಸಿನ್ಸ್: ಸಿನ್ಸ್ 2019, ಸಿನ್ಸ್ ಮಂಡೇ, ಸಿನ್ಸ್ ದಿಸ್ ಮಾರ್ನಿಂಗ್. ಎಷ್ಟು ಕಾಲ ಅಂತ ಅಳತೆ ಹೇಳಿದರೆ ಫಾರ್: ಫಾರ್ ಫೈವ್ ಇಯರ್ಸ್, ಫಾರ್ ಟೂ ಅವರ್ಸ್. ಗೊಂದಲವಾದಾಗ ಮನಸ್ಸಿನಲ್ಲೇ ಕೇಳಿಕೊಳ್ಳಿ: ನಾನು ಹೇಳುತ್ತಿರುವುದು 'ಯಾವಾಗಿನಿಂದ' ಅಂತಲಾ, 'ಎಷ್ಟು ಕಾಲ' ಅಂತಲಾ? ಉತ್ತರ ತಾನಾಗಿ ಬರುತ್ತದೆ.

ನಿಮ್ಮ ವಾಕ್ಯದಲ್ಲಿ ಇನ್ನೊಂದು ತಪ್ಪಿದೆ, ಅದನ್ನು ಜಾಸ್ತಿ ಜನ ಗಮನಿಸುವುದೇ ಇಲ್ಲ. 'ಮಾಡುತ್ತಿದ್ದೇನೆ' ಅಂತ ನಮ್ಮಲ್ಲಿ ವರ್ತಮಾನದಲ್ಲೇ ಹೇಳ್ತೀವಿ, ಅಲ್ವಾ? ಹಿಂದೆ ಶುರುವಾಗಿ ಈಗಲೂ ನಡೆಯುತ್ತಿರುವ ಕೆಲಸಕ್ಕೆ ಇಂಗ್ಲಿಷಿನಲ್ಲಿ 'ಆಮ್' ಸಾಲದು, 'ಹ್ಯಾವ್ ಬೀನ್' ಬೇಕು. ಹಾಗಾಗಿ ಸರಿಯಾದ ವಾಕ್ಯ: 'ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಫಾರ್ ಫೈವ್ ಇಯರ್ಸ್.' ಸುಮ್ನೆ ಸಿನ್ಸ್ ತೆಗೆದು ಫಾರ್ ಹಾಕಿದರೆ ಅರ್ಧ ಮಾತ್ರ ಸರಿಯಾಗುತ್ತದೆ.

'ಐ ವರ್ಕ್ಡ್ ದೇರ್ ಫಾರ್ ಫೈವ್ ಇಯರ್ಸ್' ಕೂಡ ಸರಿಯೇ. ಆದರೆ ಅರ್ಥ ಬೇರೆ: ಐದು ವರ್ಷ ಅಲ್ಲಿದ್ದೆ, ಈಗ ಇಲ್ಲ. ಕೆಲಸದ ಅರ್ಜಿಯಲ್ಲಿ ಬರೆಯುವಾಗ ಇದೊಂದನ್ನು ತಪ್ಪದೆ ನೋಡಿಕೊಳ್ಳಿ.