ಹಬ್ಬದ ಗಡಿಬಿಡಿಯಲ್ಲಿ ಮೈಂಡ್‌ಫುಲ್‌ನೆಸ್ ಸಾಧ್ಯವೇ?

ಹಬ್ಬದ ರಜೆ ಹತ್ತಿರ ಬಂದರೆ ಸಾಕು ತಲೆಬಿಸಿ ಶುರು, ಮನೆ ತುಂಬ ಜನ ಇದ್ದರೂ ಖುಷಿ ಅನ್ನಿಸುವುದಿಲ್ಲ, ಮೈಂಡ್‌ಫುಲ್‌ನೆಸ್ (ಈ ಕ್ಷಣ ಮಾಡುತ್ತಿರುವುದರ ಮೇಲೆಯೇ ಗಮನ ಇಡುವುದು) ಅಭ್ಯಾಸ ಮಾಡೋಣ ಅಂದರೆ ಅದಕ್ಕೂ ಪುರುಸೊತ್ತಿಲ್ಲ, ಏನು ಮಾಡಲಿ ಅಂತ ಕೇಳಿದ್ದೀರಿ.

ಅದನ್ನು ಇನ್ನೊಂದು ಕೆಲಸ ಅಂತ ಪಟ್ಟಿಗೆ ಸೇರಿಸಲೇಬೇಡಿ. ಎಲ್ಲರಿಗಿಂತ ಮೊದಲು ಎದ್ದು ಅರ್ಧ ಗಂಟೆ ಕಣ್ಣು ಮುಚ್ಚಿ ಕೂರಲೇಬೇಕು ಅಂತ ಹಟ ಹಿಡಿದರೆ, ಕೂರಲಾಗದ ದಿನ ಅದೂ ಒಂದು ಬೇಜಾರು. ಹೇಗೂ ಮಾಡಲೇಬೇಕಾದ ಒಂದು ಕೆಲಸ ಆರಿಸಿಕೊಳ್ಳಿ. ಅದು ಮುಗಿಯುವ ತನಕ ಮನಸ್ಸನ್ನೂ ಅಲ್ಲೇ ಇಟ್ಟುಕೊಳ್ಳಿ.

ನಾನು ಆರಿಸಿಕೊಂಡಿರುವುದು ಪಾತ್ರೆ ತೊಳೆಯುವುದನ್ನು. ನೆಂಟರೆಲ್ಲ ಊಟ ಮುಗಿಸಿ ಎದ್ದ ಮೇಲೆ ಸಿಂಕ್ ತುಂಬಿರುತ್ತದೆ. ಜಿಡ್ಡಿನ ತಟ್ಟೆಯ ಮೇಲೆ ಬೆರಳು ಜಾರುತ್ತದೆ. ಉಜ್ಜಿ ತೊಳೆದ ಮೇಲೆ ಅದೇ ಬೆರಳು ಕಿರ್ರ್ ಅಂತ ಸದ್ದು ಮಾಡಿ ನಿಲ್ಲುತ್ತದೆ. ಆಚೆ ಕೋಣೆಯಲ್ಲಿ ಯಾರೋ ಹಳೇ ಕಥೆಯನ್ನೇ ಮತ್ತೆ ಹೇಳುತ್ತಿರುತ್ತಾರೆ, ಎಲ್ಲರೂ ಮೊದಲ ಸಲ ಕೇಳಿದವರ ಹಾಗೆ ನಗುತ್ತಿರುತ್ತಾರೆ. ಅಷ್ಟರಲ್ಲಿ ನನ್ನ ತಲೆ, ರಾತ್ರಿ ಯಾರನ್ನು ಎಲ್ಲಿ ಮಲಗಿಸುವುದು ಅಂತ ಲೆಕ್ಕ ಹಾಕಲು ಹೊರಟಿರುತ್ತದೆ. ಹೊರಟಿದ್ದು ಗೊತ್ತಾದ ಕೂಡಲೇ ಮತ್ತೆ ನೀರಿಗೆ, ತಟ್ಟೆಗೆ ವಾಪಸ್. ಎಷ್ಟು ಸಲ ಹೋದರೂ ಪರವಾಗಿಲ್ಲ. ಮನಸ್ಸು ಖಾಲಿ ಆಗಬೇಕಿಲ್ಲ, ಹೀಗೆ ವಾಪಸ್ ಬರುವುದೇ ಅಭ್ಯಾಸ. ಹಬ್ಬದ ದಿನ ನನಗೆ ತುಂಬ ಇಷ್ಟವಾಗುವ ಹೊತ್ತು ಈಗ ಇದೇ ಆಗಿದೆ.

ಇದೇನೂ ನಾನು ಕಂಡುಹಿಡಿದ ಉಪಾಯ ಅಲ್ಲ. 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಜಾನ್ ಕಬಟ್-ಜಿನ್ ಎಂಬುವರು ಶುರು ಮಾಡಿದ ಮೈಂಡ್‌ಫುಲ್‌ನೆಸ್ ತರಬೇತಿ ಈಗ ಪ್ರಪಂಚದ ಎಷ್ಟೋ ಆಸ್ಪತ್ರೆಗಳಲ್ಲಿ 8 ವಾರಗಳ ಕೋರ್ಸ್ ಆಗಿ ನಡೆಯುತ್ತದೆ. ಅಲ್ಲಿನ ಮೊದಮೊದಲ ಪಾಠಗಳಲ್ಲಿ ಒಂದು, ಒಂದೇ ಒಂದು ಒಣದ್ರಾಕ್ಷಿಯನ್ನು ನೋಡಿ, ಮೂಸಿ, ನಿಧಾನವಾಗಿ ಅಗಿದು ತಿನ್ನುವುದು. ಅಂದರೆ ದಿನವೂ ಮಾಡುವ ಕೆಲಸವೇ.

ಗಮನಕ್ಕೂ ಖುಷಿಗೂ ಏನು ಸಂಬಂಧ ಅಂತ ನಿಮಗೆ ಅನ್ನಿಸಬಹುದು. 2010ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಮನೋವಿಜ್ಞಾನಿಗಳಾದ ಮ್ಯಾಥ್ಯೂ ಕಿಲಿಂಗ್ಸ್‌ವರ್ತ್ ಮತ್ತು ಡೇನಿಯಲ್ ಗಿಲ್ಬರ್ಟ್ ಒಂದು ಅಧ್ಯಯನ ಪ್ರಕಟಿಸಿದರು. 2,250 ಜನರಿಗೆ ಫೋನಿನಲ್ಲಿ ಆಗಾಗ ಪ್ರಶ್ನೆ ಕಳಿಸಿ, ಈಗ ಏನು ಮಾಡುತ್ತಿದ್ದೀರಿ, ಮನಸ್ಸು ಎಲ್ಲಿದೆ, ಹೇಗನ್ನಿಸುತ್ತಿದೆ ಅಂತ ಕೇಳಿದ್ದರು. ಸುಮಾರು 47% ಹೊತ್ತು ಜನರ ಮನಸ್ಸು ಕೈಯಲ್ಲಿದ್ದ ಕೆಲಸದ ಮೇಲೆ ಇರಲಿಲ್ಲ. ಹಾಗೆ ಅಲೆಯುವಾಗ ಅವರಿಗೆ ಖುಷಿಯೂ ಕಡಿಮೆ ಇತ್ತು. ಹಬ್ಬದಲ್ಲಂತೂ ನಾವು ಇವತ್ತಿನ ಊಟದ ಹೊತ್ತಿಗೆ ನಾಳೆಯ ಚಿಂತೆ ಮಾಡುತ್ತೇವೆ, ನಾಳೆ ಬಂದಾಗ ವಾಪಸ್ ಹೊರಡುವ ಚಿಂತೆ. ಖುಷಿ ಬಂದು ಹೋದದ್ದೂ ಗೊತ್ತಾಗುವುದಿಲ್ಲ, ಅಲ್ವಾ?

ಫೋಟೋ ವಿಷಯದಲ್ಲೂ ಸ್ವಲ್ಪ ಹುಷಾರು. ಲಿಂಡಾ ಹೆಂಕೆಲ್ ಎಂಬ ಮನೋವಿಜ್ಞಾನಿ 2014ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮ್ಯೂಸಿಯಮ್ಮಿನ ವಸ್ತುಗಳ ಫೋಟೋ ತೆಗೆದವರಿಗಿಂತ ಸುಮ್ನೆ ನೋಡಿದವರಿಗೆ ಅವು ಜಾಸ್ತಿ ನೆನಪಿದ್ದವು. ಆದರೆ ಒಂದು ಭಾಗವನ್ನು ಝೂಮ್ ಮಾಡಿ ತೆಗೆದಾಗ ನೆನಪು ಕುಂದಿರಲಿಲ್ಲ. ಹಾಗಾಗಿ ಫೋಟೋ ಬೇಡ ಅನ್ನುವುದಿಲ್ಲ, ಮೊದಲು ಕಣ್ತುಂಬ ನೋಡಿ, ಆಮೇಲೆ ಒಂದೆರಡು ತೆಗೆಯಿರಿ.

ನೆಂಟರ ಚುಚ್ಚುಮಾತಿಗೆ ಒಂದು ಸಣ್ಣ ಉಪಾಯ. ಉತ್ತರ ಕೊಡುವ ಮೊದಲು ಒಂದು ಉಸಿರನ್ನು ನಿಧಾನವಾಗಿ, ಉದ್ದಕ್ಕೆ ಹೊರಗೆ ಬಿಡಿ. ಉಸಿರು ಬಿಡುವಾಗ ಎದೆಬಡಿತ ತುಸು ನಿಧಾನವಾಗುತ್ತದೆ. ದೇಹ ಇರುವುದೇ ಹಾಗೆ. ಆ ಗಳಿಗೆಯಲ್ಲಿ ಬಾಯಿಗೆ ಬಂದದ್ದನ್ನು ಆಡದೆ ಉಳಿಯಬಹುದು.

ಇನ್ನು, ಖುಷಿ ಬರಲೇಬೇಕು ಅಂತ ಮನಸ್ಸಿಗೆ ಬಲವಂತ ಮಾಡಬೇಡಿ. ಕಳೆದ ವರ್ಷ ಜೊತೆಗಿದ್ದವರು ಈ ವರ್ಷ ಇಲ್ಲದಿರಬಹುದು. ಹಬ್ಬದ ದಿನವೇ ಅವರ ನೆನಪು ಜಾಸ್ತಿ ಕಾಡುತ್ತದೆ. 'ನನಗೀಗ ದುಃಖವಾಗುತ್ತಿದೆ' ಅಂತ ಮನಸ್ಸಿನಲ್ಲೇ ಹೇಳಿಕೊಳ್ಳಿ, ಅಳು ಬಂದರೆ ಅತ್ತುಬಿಡಿ. ಅದನ್ನು ಒಳಗೇ ಒತ್ತಿಹಿಡಿದು ನಗುವುದಕ್ಕೆ ತುಂಬ ಶಕ್ತಿ ಖರ್ಚಾಗುತ್ತದೆ. ಅತ್ತ ಸ್ವಲ್ಪ ಹೊತ್ತಿಗೇ ಮಗುವಿನ ಮಾತಿಗೆ ನಗು ಬಂದರೆ ಅದೂ ತಪ್ಪಲ್ಲ. ಎರಡೂ ನಿಜವೇ. ಆದರೆ ವಾರಗಟ್ಟಲೆ ನಿದ್ದೆ, ಊಟ ಯಾವುದೂ ಸೇರುತ್ತಿಲ್ಲ ಅಂದರೆ ದಯವಿಟ್ಟು ಡಾಕ್ಟರನ್ನೋ ಆಪ್ತಸಮಾಲೋಚಕರನ್ನೋ ಕಾಣಿ. ಅದು ಉಸಿರಾಟದ ಅಭ್ಯಾಸಕ್ಕೆ ಬಿಟ್ಟುಬಿಡುವ ವಿಷಯ ಅಲ್ಲ.

ಕೊನೆಗೆ ನಿಮ್ಮ ಹಬ್ಬದ ಕೆಲಸಗಳ ಪಟ್ಟಿಯ ಬಗ್ಗೆ. ಅದನ್ನು ಮನೆಯವರ ಮುಂದಿಟ್ಟು, 'ಇದರಲ್ಲಿ ಯಾವುದು ಇಲ್ಲದಿದ್ದರೆ ನಿಮಗೆ ನಿಜವಾಗಿ ಬೇಜಾರಾಗುತ್ತದೆ?' ಅಂತ ಒಬ್ಬೊಬ್ಬರನ್ನೇ ಕೇಳಿ. ಯಾರೂ ಹೆಸರೆತ್ತದ ಕೆಲಸಗಳನ್ನು ಈ ಸಲ ಕೈಬಿಡಿ. ಉಳಿದವನ್ನು ಹಂಚಿಕೊಳ್ಳುವಾಗ, ನೀವು ಮನಸ್ಸಿಟ್ಟು ಮಾಡಬೇಕೆಂದಿರುವ ಆ ಒಂದು ಕೆಲಸವನ್ನು ಮಾತ್ರ ನಿಮಗೇ ಇಟ್ಟುಕೊಳ್ಳಿ.