ಕಾಲೇಜಿನಲ್ಲಿ ಗಾಂಜಾ ಸೇದಿದ್ದನ್ನು ಕ್ಲಿಯರೆನ್ಸ್ ಫಾರಂನಲ್ಲಿ ಬರೆಯಬೇಕೆ?

ನೀವು ಅಮೆರಿಕದಲ್ಲೇ ಹುಟ್ಟಿದವರು, ಮೂರು ವರ್ಷದ ಹಿಂದೆ ಕೊಲೊರಾಡೊದಲ್ಲಿ ಓದುವಾಗ ಕೆಲವು ಸಲ ಗಾಂಜಾ ಸೇದಿದ್ದೀರಿ, ಪೊಲೀಸ್ ಕೇಸಿಲ್ಲ. ಈಗ ರಕ್ಷಣಾ ಇಲಾಖೆಯ ಗುತ್ತಿಗೆ ಕಂಪನಿಯಲ್ಲಿ ಕೆಲಸ ಸಿಕ್ಕಿದೆ, ಅದಕ್ಕೆ ಕ್ಲಿಯರೆನ್ಸ್, ಅಂದರೆ ರಹಸ್ಯ ಮಾಹಿತಿ ನೋಡಲು ಸರ್ಕಾರ ಕೊಡುವ ಅನುಮತಿ, ಬೇಕು. "ಇಲ್ಲ ಅಂತ ಹಾಕು, ಯಾರಿಗೆ ಗೊತ್ತಾಗುತ್ತೆ" ಎಂದು ಗೆಳೆಯ ಹೇಳುತ್ತಿದ್ದಾನೆ. ಇಷ್ಟೇ ತಾನೆ ನಿಮ್ಮ ಪ್ರಶ್ನೆ?

ದಯವಿಟ್ಟು ಅವನ ಮಾತು ಕೇಳಬೇಡಿ. ವರ್ಜೀನಿಯಾದಲ್ಲಿ ನಾನೂ ಇಂಥದೇ ಕೆಲಸದಲ್ಲಿದ್ದೇನೆ, ಕ್ಲಿಯರೆನ್ಸ್‌ಗಾಗಿ ತುಂಬುವ ಇದೇ ಎಸ್‌ಎಫ್-86 ಫಾರಂ ತುಂಬಿದ್ದೇನೆ. ಅದರ 23ನೇ ಭಾಗ ಕಳೆದ 7 ವರ್ಷಗಳ ಮಾದಕವಸ್ತು ಬಳಕೆಯನ್ನು ಕೇಳುತ್ತದೆ. ಕೊಲೊರಾಡೊದಲ್ಲಿ ಅಂಗಡಿಯಲ್ಲೇ ಮಾರುತ್ತಾರೆ ಎಂಬ ಸಮಜಾಯಿಷಿ ನಡೆಯುವುದಿಲ್ಲ, ಫೆಡರಲ್ ಕಾನೂನಿನ ಪ್ರಕಾರ ಅದು ಅಪರಾಧವೇ. ಪರೀಕ್ಷೆ ಸಮಯದಲ್ಲಿ ರೂಮ್‌ಮೇಟ್‌ಗೆ ವೈದ್ಯರು ಬರೆದುಕೊಟ್ಟ ಅಡೆರಾಲ್ (ಏಕಾಗ್ರತೆಯ ತೊಂದರೆಗೆ ಕೊಡುವ ಔಷಧಿ) ಮಾತ್ರೆ ನುಂಗಿದ್ದರೆ ಅದನ್ನೂ ಬರೆಯಬೇಕು.

ಹೆದರಬೇಡಿ. ಕ್ಲಿಯರೆನ್ಸ್ ಕೊಡಬೇಕೇ ಎಂದು ತೀರ್ಮಾನಿಸಲು 2017ರಲ್ಲಿ ಜಾರಿಗೆ ಬಂದ ನಿಯಮಾವಳಿಯಲ್ಲಿ 13 ಅಂಶಗಳಿವೆ, ಮಾದಕವಸ್ತು ಅವುಗಳಲ್ಲಿ ಒಂದು. ಬಳಸಿ ಎಷ್ಟು ಕಾಲವಾಯಿತು, ಎಷ್ಟು ಸಲ, ಆ ಸಹವಾಸ ಬಿಟ್ಟಿದ್ದೀರಾ ಎಂದು ನೋಡುತ್ತಾರೆ. ಇನ್ನು ಮುಂದೆ ಮುಟ್ಟುವುದಿಲ್ಲ, ಮುಟ್ಟಿದರೆ ಕ್ಲಿಯರೆನ್ಸ್ ರದ್ದಾಗಲಿ ಎಂದು ಸಹಿ ಮಾಡಿ ಕೊಡುವುದಕ್ಕೂ ಅವಕಾಶವಿದೆ. ಹಿಂದೆ ಗಾಂಜಾ ಸೇದಿದ್ದಷ್ಟರಿಂದಲೇ ತೀರ್ಮಾನ ಆಗಬಾರದೆಂದು 2021ರ ಸೂಚನೆಯೂ ಇದೆ. ಆದರೆ ಈಗಲೂ ಸೇದುತ್ತಿರುವವರಿಗೆ ಕ್ಲಿಯರೆನ್ಸ್ ಕೊಡಲು ಕಾನೂನೇ ಬಿಡುವುದಿಲ್ಲ. ಹಾಗಾಗಿ ಗಮ್ಮಿ (ಗಾಂಜಾ ಬೆರೆಸಿದ ಮಿಠಾಯಿ) ಸೇರಿದಂತೆ ಎಲ್ಲವನ್ನೂ ಇವತ್ತೇ ನಿಲ್ಲಿಸಿ.

ಸುಳ್ಳಿನ ಸಂಗತಿಯೇ ಬೇರೆ. ಸೇದಿದ ದಿನ ವರ್ಷ ಕಳೆದಂತೆ ಹಳೆಯದಾಗುತ್ತದೆ. ಸುಳ್ಳಿಗೆ ನೀವು ಸಹಿ ಹಾಕಿದ ದಿನವೇ ತಾರೀಖು, ತನಿಖಾಧಿಕಾರಿಯ ಮುಂದೆ ಮತ್ತೆ ಹೇಳಿದರೆ ಅದು ಇನ್ನೂ ಹೊಸದಾಗುತ್ತದೆ. ಗಾಂಜಾವನ್ನು ಹುಡುಗಾಟ ಎನ್ನಬಹುದು, ಉದ್ದೇಶಪೂರ್ವಕ ಸುಳ್ಳನ್ನು ಹಾಗೆನ್ನಲಾಗದು. ರಹಸ್ಯ ಕಾಗದಗಳನ್ನು ಇವರ ಕೈಗೆ ಕೊಡಬಹುದೇ ಎಂಬುದೇ ಅಲ್ಲಿನ ಮೂಲ ಪ್ರಶ್ನೆ. ಮೇಲಾಗಿ ಫೆಡರಲ್ ಫಾರಂನಲ್ಲಿ ಗೊತ್ತಿದ್ದೂ ಸುಳ್ಳು ಬರೆದರೆ 5 ವರ್ಷದವರೆಗೆ ಜೈಲಾಗಬಹುದು. ನಿಜ ಬರೆದರೆ? 23ನೇ ಭಾಗಕ್ಕೆ ಕೊಟ್ಟ ಸತ್ಯವಾದ ಉತ್ತರವನ್ನು ನಿಮ್ಮ ಮೇಲಿನ ಕ್ರಿಮಿನಲ್ ಕೇಸಿನಲ್ಲಿ ಸಾಕ್ಷ್ಯವಾಗಿ ಬಳಸುವುದಿಲ್ಲವೆಂದು ಫಾರಂನಲ್ಲೇ ಅಚ್ಚಾಗಿದೆ. ಈ ಸಾಲನ್ನು ಓದದೆ ಎಷ್ಟೋ ಹುಡುಗರು ಹೆದರಿಕೊಂಡು "ಇಲ್ಲ" ಎಂದು ಟಿಕ್ ಮಾಡುತ್ತಾರೆ, ನನಗೆ ಸಂಕಟವಾಗುತ್ತದೆ.

ಗೊತ್ತಾಗುವುದು ಹೇಗೆ ಅಂದಿರಾ? ಅಧಿಕಾರಿಗಳು ಹಳೆಯ ಗೆಳೆಯರನ್ನು, ನೆರೆಯವರನ್ನು ಮಾತಾಡಿಸುತ್ತಾರೆ. ಒಬ್ಬ ಬಾಯಿಬಿಟ್ಟರೆ ಮುಗಿಯಿತು. ಈಗಾಗಲೇ "ಇಲ್ಲ" ಎಂದು ಕಳಿಸಿಬಿಟ್ಟಿದ್ದರೆ ಅವರು ಹಿಡಿಯುವ ಮೊದಲೇ, ತಡಮಾಡದೆ ನೀವಾಗಿ ತಿದ್ದಿಸಿ, ಅದಕ್ಕೆ ಬೆಲೆಯಿದೆ. ವಕೀಲರ ಅಥವಾ ಕಂಪನಿಯ ಭದ್ರತಾ ಅಧಿಕಾರಿಯ ಸಲಹೆಯಿಂದ ತಪ್ಪಾಯಿತು ಎಂದರೆ ಪರಿಗಣಿಸಬಹುದು, ಗೆಳೆಯ ಹೇಳಿದ ಅಂದರೆ ಇಲ್ಲ.

ನಮ್ಮ ಮನೆಗಳಿಗೆ ಸಂಬಂಧಿಸಿದ ಮಾತೊಂದಿದೆ. ಇದು ಮನೆಯವರಿಗೆ ಗೊತ್ತೇ ಎಂದು ಸಂದರ್ಶನದಲ್ಲಿ ಕೇಳುವುದುಂಟು. ಅಪ್ಪ ಅಮ್ಮನಿಂದ ಬಚ್ಚಿಟ್ಟ ಸಂಗತಿಯನ್ನೇ ಹಿಡಿದು ಯಾರಾದರೂ ನಿಮ್ಮನ್ನು ಬೆದರಿಸಬಹುದು ಎಂಬುದು ಅವರ ಆತಂಕ. ಸಂದರ್ಶನಕ್ಕೆ ಮುಂಚೆಯೇ ಮನೆಯಲ್ಲಿ ಹೇಳಿಬಿಡಿ. ಬೈಗುಳ ತಿನ್ನಬೇಕಾಗಬಹುದು, ಆದರೆ "ಹೌದು, ಅವರಿಗೂ ಗೊತ್ತು" ಎಂದು ನೀವು ಉತ್ತರಿಸಬಹುದು.